ಹಿನ್ನೀರಿನಲ್ಲಿ ದೋಣಿ ಪಂದ್ಯ: ಯಾರು ಯಾರಿಗೆ ದಾರಿ ಬಿಡಬೇಕು?

(ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ದೋಣಿ ಪಂದ್ಯದ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಕಾರ್ಯಕ್ರಮದ ಪಟ್ಟಿಯಲ್ಲಿ ‘ಭದ್ರಾ ಹಿನ್ನೀರಿನಲ್ಲಿ ದೋಣಿ ಪಂದ್ಯ’ ಅಂತ ಒಂದು ಸಾಲು ಸೇರಿದ ದಿನದಿಂದ ನಮ್ಮೂರಿನಲ್ಲಿ ಎರಡು ಪಕ್ಷ ಆಗಿದೆ. ಹುಟ್ಟು ಹಾಕುವ ದೋಣಿಯ ಪಂದ್ಯ ಒಂದೇ ಸಾಲದು, ಹಾಯಿ ಕಟ್ಟಿದ ದೋಣಿಯದ್ದೂ ಆಗಲಿ ಅಂತ ಹುಡುಗರು. ನೀರಿನ ಹತ್ತಿರ ಹುಡುಗಾಟ ಬೇಡ, ವಾಲಿಬಾಲು, ಹಗ್ಗಜಗ್ಗಾಟ ಮಾಡಿ ಊಟ ಹಾಕಿಸಿ ಕಳಿಸಿ ಅಂತ ಹಿರಿಯರು. ಇಬ್ಬರ ಮಾತನ್ನೂ ಕೇಳಿ ಅಭಿಪ್ರಾಯ ಹೇಳುವ ಕೆಲಸವನ್ನು ಮಂಡಳಿಯವರು ನಮಗೆ ವಹಿಸಿದರು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪಂದ್ಯ ನಡೆಯಲಿ. ಆದರೆ ಕೆಲವು ಕಟ್ಟುಪಾಡಿನ ಮೇಲೆ ನಡೆಯಲಿ. ಆ ಕಟ್ಟುಪಾಡು ನಮ್ಮ ಕೈಲಿ ಆಗದು ಅಂತ ಸಭೆಗೆ ಅನ್ನಿಸಿದರೆ ಆ ಸಾಲನ್ನೇ ಪಟ್ಟಿಯಿಂದ ಹೊಡೆದು ಹಾಕಿ. ನಮಗೇನೂ ಬೇಸರವಿಲ್ಲ.

ಪಂದ್ಯ ಅಂದ ಕೂಡಲೇ ಎಲ್ಲರೂ ಯೋಚಿಸುವುದು ಪಂದ್ಯದ ದೋಣಿಯ ಬಗ್ಗೆ. ಹುಡುಗ ಮಗುಚಿ ಬಿದ್ದರೆ ಏನು ಗತಿ ಅಂತ. ನಮ್ಮ ಲೆಕ್ಕದಲ್ಲಿ ಹೆಚ್ಚಿನ ಅಪಾಯ ಅಲ್ಲಿಲ್ಲ. ಪಂದ್ಯಕ್ಕೆ ಇಳಿಯುವವನಿಗೆ ಈಜು ಬರುತ್ತದೆ, ಅವನ ಮೇಲೆ ಸಾವಿರ ಕಣ್ಣು ಇರುತ್ತವೆ. ಅಪಾಯ ಇರುವುದು ಸುತ್ತಮುತ್ತಲಿನ ದೋಣಿಗಳಲ್ಲಿ. ನೋಡೋಕೆ ಬಂದ ದೋಣಿ, ನೆಂಟರನ್ನು ಕೂರಿಸಿಕೊಂಡ ದೋಣಿ, ತನ್ನ ಪಾಡಿಗೆ ಆಚೆ ದಡಕ್ಕೆ ಹೋಗುತ್ತಿರುವ ದೋಣಿ, ಮತ್ತೆ ಇವರೆಲ್ಲರ ನಡುವೆ ಎಂಜಿನ್ ಜೋರು ಮಾಡಿಕೊಂಡು ಬರುವ ಮೋಟಾರ್ ದೋಣಿ.

ಕಾರವಾರದ ಸುದ್ದಿ ನಿಮಗೆ ನೆನಪಿರಬಹುದು. 2019ರ ಜನವರಿ 21. ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆ ಚೆನ್ನಾಗಿಯೇ ಆಯಿತು. ಪೂಜೆ ಮುಗಿಸಿಕೊಂಡು ವಾಪಸ್ ಬರುವ ಜನರ ದೋಣಿ ಸಮುದ್ರದಲ್ಲಿ ಮಗುಚಿತು. ಹದಿನಾರು ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಉತ್ಸವದ ಗದ್ದಲದಲ್ಲಿ ದೇವರ ಮೇಲೆ ಎಲ್ಲರ ಗಮನ ಇರುತ್ತದೆ. ಮನೆಗೆ ಹೋಗುವ ದೋಣಿಗೆ ಎಷ್ಟು ಜನ ಹತ್ತಿದರು ಅಂತ ಎಣಿಸುವವರು ಇರೋದಿಲ್ಲ.

ಕೊಪ್ಪ, ಶೃಂಗೇರಿಯಿಂದ ಬಂದವರಿಗೆ ತುಂಗೆಯ ದೋಣಿ ಗೊತ್ತು. ಶೃಂಗೇರಿಯಲ್ಲಿ ಈಗ ಸೇತುವೆ ದಾಟಿ ನರಸಿಂಹವನಕ್ಕೆ ನಡೆದು ಹೋಗುತ್ತೇವೆ. ಸೇತುವೆ ಆಗುವ ಮೊದಲು ದೋಣಿಯೇ ಗತಿ. ಕೆಳಗೆ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವವನ್ನು ಇಲ್ಲಿ ಕೂತವರಲ್ಲಿ ಬಹಳ ಜನ ನೋಡಿದ್ದೀರಿ. ಎರಡೂ ದಡದ ತುಂಬಾ ಜನ, ನಡುವೆ ನೀರಿನಲ್ಲಿ ದೇವರ ತೆಪ್ಪ. ತೆಪ್ಪ ನಿಧಾನ. ಯಾರಿಗೂ ಮೊದಲು ಮುಟ್ಟಬೇಕೆಂಬ ಅವಸರವಿಲ್ಲ. ಜನ ದಡದಲ್ಲೇ ಇರುತ್ತಾರೆ. ಪಂದ್ಯ ಹಾಗಲ್ಲ ನೋಡಿ. ಹತ್ತು ದೋಣಿ, ಹತ್ತಕ್ಕೂ ಅವಸರ.

ಇನ್ನೊಂದು ವ್ಯತ್ಯಾಸ ನೀರಿನದ್ದೇ. ನದಿ ಅಂದರೆ ಅದಕ್ಕೆ ಎರಡು ದಡ ಇರುತ್ತದೆ, ಒಂದು ಸೆಳವು ಇರುತ್ತದೆ, ದಾಟಲು ಒಂದು ಕಡವು ಇರುತ್ತದೆ. ಎಲ್ಲಿ ಬಂಡೆ, ಎಲ್ಲಿ ಮಡು, ಎಲ್ಲಿ ಸುಳಿ ಅನ್ನುವುದು ಅಂಬಿಗನಿಗೆ ಬಾಯಿಪಾಠ. ಬೇರೆ ದೋಣಿ ಬಂದರೂ ಅದೇ ದಾರಿಯಲ್ಲಿ ಬರಬೇಕು. 1960ರ ದಶಕದಲ್ಲಿ ಲಕ್ಕವಳ್ಳಿ ಅಣೆಕಟ್ಟು ಆಗಿ ಭದ್ರೆ ಇಲ್ಲಿ ಸಮುದ್ರದ ಹಾಗೆ ಹರಡಿಕೊಂಡ ಮೇಲೆ ಕಡವು ಹೋಯಿತು, ದಾರಿಯೂ ಹೋಯಿತು. ಯಾವನು ಎಲ್ಲಿಂದ ಎಲ್ಲಿಗೆ ಬೇಕಾದರೂ ದೋಣಿ ಬಿಡಬಹುದು. ಜಾಗ ಬೇಕಾದಷ್ಟಿದೆಯಲ್ಲ, ಡಿಕ್ಕಿ ಹೇಗಾಗುತ್ತದೆ ಅಂತ ಕೇಳುತ್ತಾರೆ. ಜಾಗ ಬೇಕಾದಷ್ಟಿದೆ ಅಂದುಕೊಂಡಾಗಲೇ ಮನುಷ್ಯ ಎದುರು ನೋಡುವುದನ್ನು ಬಿಡುವುದು, ಮಾರಾಯ್ರೆ.

ಮುಂಬಯಿಯಲ್ಲಿ ಆಗಿದ್ದೂ ಅದೇ ಅಲ್ಲವೇ. 2024ರ ಡಿಸೆಂಬರ್ 18ರಂದು ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಎಂಬ ಪ್ರವಾಸಿ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಂದು ಬಡಿಯಿತು. ಎಂಜಿನ್ ಪರೀಕ್ಷೆ ಮಾಡುತ್ತಿದ್ದರಂತೆ. ಹದಿನೈದು ಜನ ಸತ್ತರು. ಹಾಡುಹಗಲು, ಬಯಲು ನೀರು. ಅಷ್ಟು ದೊಡ್ಡ ಬಂದರಿನಲ್ಲಿ ಹೀಗಾದ ಮೇಲೆ ನಮ್ಮ ಹಿನ್ನೀರಿನಲ್ಲಿ ಪಂದ್ಯದ ದಿನ ಎಂಜಿನ್ ಜೋರು ತೋರಿಸುವ ಶೋಕಿ ಯಾರಿಗೂ ಬೇಡ.

ಈಗ ನೀರಿನ ಮೇಲಿನ ದಾರಿಯ ನಿಯಮ. ಇದನ್ನು ನಾವು ಮಾಡಿದ್ದಲ್ಲ. ಸಮುದ್ರದಲ್ಲಿ ಹಡಗುಗಳು ಡಿಕ್ಕಿಯಾಗದಂತೆ ದೇಶದೇಶಗಳು ಸೇರಿ 1972ರಲ್ಲಿ ಒಪ್ಪಿ, 1977ರಿಂದ ಜಾರಿಗೆ ತಂದ ನಿಯಮಗಳಿವೆ. ಹಡಗಿಗೆ ಮಾಡಿದ್ದು ನಮ್ಮ ದೋಣಿಗೆ ಯಾಕೆ ಅನ್ನಬೇಡಿ. ಅದರ ತಿರುಳು ನಮ್ಮ ಅಂಬಿಗರಿಗೂ ಒಪ್ಪಿತವಾಗುವಂಥದ್ದೇ.

ಮೊದಲನೆಯದು, ಇದನ್ನು ದಯವಿಟ್ಟು ಎರಡು ಸಲ ಕೇಳಿ. ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ. ನೀರಿನಲ್ಲಿ ಎದುರುಬದುರಾದಾಗ ಎರಡೂ ಮೋಟಾರ್ ದೋಣಿ ಬಲಕ್ಕೆ ತಿರುಗಬೇಕು. ಬೈಕ್ ಓಡಿಸಿ ಅಭ್ಯಾಸವಾದ ನಮ್ಮ ಹುಡುಗರ ಕೈ ತನ್ನಷ್ಟಕ್ಕೇ ಎಡಕ್ಕೆ ಹೋಗುತ್ತದೆ. ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ತಿರುಗಿದರೆ ಇಬ್ಬರೂ ಒಂದೇ ಕಡೆಗೆ ಬಂದ ಹಾಗಾಯಿತು. ಮತ್ತೆ ಕೇಳಿ, ಬಲಕ್ಕೆ. ಹುಟ್ಟು ಹಾಕುವವರೂ ಇಲ್ಲಿ ಇದನ್ನೇ ಪಾಲಿಸಲಿ ಅಂತ ನಮ್ಮ ತೀರ್ಮಾನ. ಒಂದು ನೀರಿನಲ್ಲಿ ಎರಡು ರೂಢಿ ಬೇಡ.

ಎರಡು ಮೋಟಾರ್ ದೋಣಿ ಅಡ್ಡಡ್ಡ ಬಂದಾಗ, ಯಾರಿಗೆ ಇನ್ನೊಂದು ದೋಣಿ ತನ್ನ ಬಲಗಡೆ ಕಾಣುತ್ತದೋ ಅವನು ದಾರಿ ಬಿಡಬೇಕು. ಸುಮ್ಮನೆ ಸ್ವಲ್ಪ ಜರುಗಿದರೆ ಸಾಲದು. ದೂರದಲ್ಲಿರುವಾಗಲೇ, ಎದುರಿನವನಿಗೆ ಗೊತ್ತಾಗುವ ಹಾಗೆ ತಿರುಗಿ ಅವನ ಹಿಂದಿನಿಂದ ಹೋಗಬೇಕು. ಹಿಂದಿನಿಂದ ಬಂದು ದಾಟಿ ಹೋಗುವವನು ಯಾರೇ ಆಗಲಿ, ಮುಂದಿನವನಿಗೆ ತೊಂದರೆಯಾಗದಂತೆ ದಾಟುವುದು ಅವನದ್ದೇ ಹೊಣೆ.

ಡಿಕ್ಕಿ ಆಗುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯುವ ಒಂದು ಉಪಾಯ ಇದೆ. ನಿಮ್ಮ ದೋಣಿಯ ಅಂಚಿನ ಒಂದು ಗೂಟವನ್ನೋ ಮೊಳೆಯನ್ನೋ ಗುರುತು ಇಟ್ಟುಕೊಳ್ಳಿ. ಕೂತ ಜಾಗ, ಹೋಗುವ ದಿಕ್ಕು ಬದಲಿಸದೆ ನೋಡಿ. ದೂರದ ದೋಣಿ ಆ ಗುರುತಿನಿಂದ ಮುಂದಕ್ಕೋ ಹಿಂದಕ್ಕೋ ಸರಿಯುತ್ತಾ ಹೋದರೆ ಅದು ನಿಮ್ಮ ಮುಂದಿನಿಂದಲೋ ಹಿಂದಿನಿಂದಲೋ ದಾಟಿ ಹೋಗುತ್ತದೆ. ಅದೇ ಗುರುತಿನ ನೇರಕ್ಕೇ ನಿಂತು ದೊಡ್ಡದಾಗುತ್ತಾ ಬಂತು ಅಂದರೆ ಇಬ್ಬರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರುತ್ತಿದ್ದೀರಿ. ಆಗ ಕೂಗಾಡುತ್ತಾ ಕೂರಬೇಡಿ, ನಿಧಾನ ಮಾಡಿ ತಿರುಗಿ.

ಇನ್ನು ಹಾಯಿಯ ವಿಷಯ. ನಮ್ಮ ಕರಾವಳಿಯವರಿಗೆ ಹಾಯಿ ಹೊಸದಲ್ಲ, ಮಂಗಳೂರಿನ ಕಡೆಯ ಮಂಜಿಗಳು ಹಾಯಿಯ ಮೇಲೇ ಸರಕು ಸಾಗಿಸಿದವು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿದೋಣಿ ಕಲಿಸುತ್ತಾ ಬಂದಿದ್ದಾರೆ. ಮಲೆನಾಡಿನ ನಮಗೆ ಮಾತ್ರ ಇದು ಹೊಸತು. ಹಾಯಿದೋಣಿ ಗಾಳಿ ಬರುವ ದಿಕ್ಕಿಗೆ ನೇರ ಹೋಗಲಾರದು. ಗುಡ್ಡ ಹತ್ತುವ ಘಾಟಿ ರಸ್ತೆಯ ಹಾಗೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಿರುಗಿ ತಿರುಗಿ ಮೇಲೇರಬೇಕು. ಇದು ಗೊತ್ತಿಲ್ಲದ ಮೋಟಾರಿನವನು ‘ಇವನು ಆ ಕಡೆ ಹೋಗುತ್ತಿದ್ದಾನೆ’ ಅಂತ ಪಕ್ಕದಲ್ಲಿ ನುಗ್ಗುತ್ತಾನೆ. ಅಷ್ಟರಲ್ಲಿ ಹಾಯಿ ಪಟಕ್ಕನೆ ತಿರುಗಿ ದೋಣಿ ಇವನ ಎದುರಿಗೇ ಬರುತ್ತದೆ. ಆಮೇಲೆ ಹಾಯಿಯವನಿಗೆ ಬೈಗುಳ. ತಪ್ಪು ಹಾಯಿಯವನದ್ದಲ್ಲ. ಎಂಜಿನ್ ಇರುವವನು ಎಂಜಿನ್ ಇಲ್ಲದವನಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಅವನಿಗೆ ನಿಲ್ಲಲೂ ಆಗುತ್ತದೆ, ಹಿಂದೆ ಹೋಗಲೂ ಆಗುತ್ತದೆ. ಹಾಯಿಯವನಿಗೆ ಎರಡೂ ಸುಲಭವಿಲ್ಲ.

ಹಾಯಿಯವರು ತಮ್ಮತಮ್ಮಲ್ಲಿ ಹೇಗೆ? ಎಡಗಡೆಯಿಂದ ಗಾಳಿ ಬೀಳುತ್ತಿರುವ ದೋಣಿ, ಬಲಗಡೆಯಿಂದ ಗಾಳಿ ಬೀಳುತ್ತಿರುವ ದೋಣಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಕಡೆಯ ಗಾಳಿಯಾದರೆ, ಗಾಳಿ ಬರುವ ಕಡೆ ಇರುವವನು ಬಿಡಬೇಕು. ಹುಡುಗರಿಗೆ ಇದನ್ನು ನೀರಿಗಿಳಿಯುವ ಮೊದಲು ಅಂಗಳದಲ್ಲೇ ನಡೆಸಿ ನಡೆಸಿ ಕಲಿಸಬೇಕು. ಬಾಯಲ್ಲಿ ಹೇಳಿದರೆ ತಲೆಗೆ ಹೋಗೋದಿಲ್ಲ.

ಆದರೆ ಇಲ್ಲಿ ಹುಡುಗರು ಒಂದು ಮಾತು ತಿಳಿಯಬೇಕು. ಪಂದ್ಯದಲ್ಲಿದ್ದೇನೆ ಅನ್ನುವುದು ಹೆಚ್ಚಿನ ಹಕ್ಕು ಅಲ್ಲ. ಹಾಯಿ ಪಂದ್ಯದ ನಿಯಮ ಪುಸ್ತಕ ಪಂದ್ಯದವರ ನಡುವೆ ಮಾತ್ರ ನಡೆಯುತ್ತದೆ. ಹೊರಗಿನ ದೋಣಿ ಎದುರಾದರೆ ಎಲ್ಲರಿಗೂ ಇರುವ ಸಾಮಾನ್ಯ ನಿಯಮವೇ. ದೊಡ್ಡ ದೋಣಿ ಹೋಗಲು ಒಂದೇ ಆಳದ ಕಾಲುವೆ ಇರುವ ಕಡೆ ಹಾಯಿದೋಣಿಯೇ ಪಕ್ಕಕ್ಕೆ ಸರಿಯಬೇಕು. ಸಿಗಂದೂರಿಗೆ ಹೋದವರು ಶರಾವತಿ ಹಿನ್ನೀರಿನ ಲಾಂಚ್ ನೆನಪು ಮಾಡಿಕೊಳ್ಳಿ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಗುವ ತನಕ ಬಸ್ಸು, ಕಾರುಗಳನ್ನೇ ಹೊತ್ತು ದಾಟಿಸುತ್ತಿತ್ತು. ಅಂಥದ್ದರ ಎದುರು ಹೋಗಿ ‘ನಾನು ಹಾಯಿಯವನು, ನೀನು ಬಿಡು’ ಅಂದರೆ ಆಗುತ್ತದೆಯೇ?

ಆದ್ದರಿಂದ ಮುಖ್ಯವಾದ ಕಟ್ಟುಪಾಡು ಇದು. ಆಚೆ ದಡದ ಸದಸ್ಯರು ಹಾಲು ತರುವ, ಮಕ್ಕಳು ಶಾಲೆಗೆ ಬರುವ ದೋಣಿಯ ದಾರಿಯನ್ನು ಪಂದ್ಯಕ್ಕಾಗಿ ಮುಚ್ಚಬಾರದು. ಎರಡು ಗಂಟೆಯ ಮಟ್ಟಿಗೆ ಮುಚ್ಚೋಣ ಅಂತ ಉಪಸಮಿತಿಯಲ್ಲೇ ಒಂದು ಸಲಹೆ ಬಂದಿತ್ತು, ನಾವು ಒಪ್ಪಲಿಲ್ಲ. ಆ ಎರಡು ಗಂಟೆಯಲ್ಲೇ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಬಂದರೆ? ಪಂದ್ಯದ ಓಟವನ್ನೇ ದಾಟುವ ದಾರಿಯಿಂದ ದೂರ, ಪಕ್ಕದ ಕೊಲ್ಲಿಯಲ್ಲಿ ಹಾಕಬೇಕು. ನಾಲ್ಕು ಮೂಲೆಗೆ ಖಾಲಿ ಡ್ರಮ್ಮು ಕಟ್ಟಿ, ಕಲ್ಲಿನ ಲಂಗರು ಬಿಟ್ಟು, ಮೇಲೆ ಕೇಸರಿ ಬಟ್ಟೆ ಕಟ್ಟಿದರೆ ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಗೆರೆಯ ಒಳಗೆ ಪಂದ್ಯದವರು ಮತ್ತು ರಕ್ಷಣೆಯ ದೋಣಿ ಬಿಟ್ಟರೆ ಯಾರೂ ಬರಕೂಡದು. ಕೇರಳದ ಆಲಪ್ಪುಳದಲ್ಲಿ 1952ರಿಂದ ನೆಹರೂ ಟ್ರೋಫಿ ಪಂದ್ಯ ನಡೆಯುತ್ತಿದೆ. ಅಷ್ಟು ದೋಣಿಗಳಿರುವ ಊರಿನಲ್ಲಿಯೂ ಓಟದ ಗೆರೆಯೊಳಗೆ ಬೇರೆ ದೋಣಿಗೆ ಪ್ರವೇಶವಿಲ್ಲ. ನಮಗೇನು ಕಷ್ಟ?

ಮೋಟಾರ್ ದೋಣಿಯವರು ಡಿಕ್ಕಿ ಹೊಡೆಯದೆಯೂ ಅನಾಹುತ ಮಾಡಬಹುದು. ವೇಗವಾಗಿ ಹೋದಾಗ ಹಿಂದೆ ಏಳುವ ಅಲೆ ಬದಿಯಿಂದ ಬಂದು ಸಣ್ಣ ದೋಣಿಯೊಳಗೆ ನೀರು ತುಂಬಿಸುತ್ತದೆ. ಅಂಚು ನೀರಿಗೆ ನಾಲ್ಕು ಬೆರಳು ಮೇಲೆ ಇರುವಷ್ಟು ಭಾರ ತುಂಬಿದ ದೋಣಿಗೆ ಅಂಥ ಎರಡು ಅಲೆ ಸಾಕು. ಆದ್ದರಿಂದ ಡ್ರಮ್ಮಿನ ಗೆರೆಯ ಹತ್ತಿರ, ದಾಟುವ ದೋಣಿಯ ಹತ್ತಿರ, ದಡದ ಹತ್ತಿರ ಮೋಟಾರ್ ದೋಣಿ ನಡೆದು ಹೋಗುವವನಷ್ಟು ನಿಧಾನ ಹೋಗಬೇಕು.

ನೋಡುವವರ ದೋಣಿ ಬಗ್ಗೆ ನಾವು ಸ್ವಲ್ಪ ಕಠಿಣವಾಗಿ ಮಾತಾಡುತ್ತೇವೆ, ಕ್ಷಮಿಸಬೇಕು. ನೋಡುವವರ ದೋಣಿ ಅಂತ ಒಂದೂ ಬೇಡ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕಡಿ ಜಲಾಶಯದಲ್ಲಿ ‘ಜಲಕನ್ಯಕ’ ಎಂಬ ಪ್ರವಾಸಿ ದೋಣಿ ಮಗುಚಿ ನಲವತ್ತೈದು ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತು ಅಂತ ಜನ ಒಂದೇ ಬದಿಗೆ ಸೇರಿದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಪಂದ್ಯ ನೋಡುವಾಗ ಇನ್ನೇನು ಆಗುತ್ತದೆ? ‘ಅಗೋ ನಮ್ಮ ಹುಡುಗ ಮುಂದೆ ಬಂದ’ ಅಂತ ಒಬ್ಬ ಎದ್ದು ನಿಂತರೆ ಹತ್ತು ಜನ ಎದ್ದು ನಿಲ್ಲುತ್ತಾರೆ, ಎಲ್ಲರೂ ಅದೇ ಬದಿಗೆ. ಈಗಂತೂ ಕೈಯಲ್ಲಿ ಮೊಬೈಲು. ದಡದಲ್ಲಿ ಶಾಮಿಯಾನ ಹಾಕಿಸುತ್ತೇವೆ, ಮೈಕಿನಲ್ಲಿ ಯಾರು ಮುಂದೆ ಅಂತ ಹೇಳಿಸುತ್ತೇವೆ. ಅಲ್ಲೇ ಕೂತು ನೋಡಿ. ಹಬ್ಬ ಅಂತ ಸ್ವಲ್ಪ ಹಾಕಿಕೊಂಡವರಿಗೂ ಅದೇ ಶಾಮಿಯಾನದಲ್ಲಿ ಜಾಗ ಇದೆ, ದೋಣಿಯಲ್ಲಿಲ್ಲ.

ಹೊತ್ತು ಮತ್ತು ಕಾಲದ ವಿಷಯ. ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ತುಂಬುತ್ತದೆ, ನಾಲೆಗೆ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ಇಳಿಯುತ್ತದೆ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಪೂರ್ತಿ ಮೇಲೆ ಬಂದರೆ ಕಾಣುತ್ತವೆ, ಪೂರ್ತಿ ಆಳದಲ್ಲಿದ್ದರೆ ತಾಗುವುದಿಲ್ಲ. ನೀರಿನ ಒಂದು ಗೇಣು ಕೆಳಗೆ ಇದ್ದಾಗಲೇ ದೋಣಿಯ ಹೊಟ್ಟೆ ಸೀಳುವುದು. ಅದಲ್ಲದೆ ಜನವರಿ ಕಳೆದ ಮೇಲೆ ಇಳಿದ ನೀರಿನಲ್ಲಿ ಏಳುವ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ, ಅವುಗಳನ್ನು ನೋಡಲೆಂದೇ ಲಕ್ಕವಳ್ಳಿಗೆ ದೂರದೂರದಿಂದ ಜನ ಬರುತ್ತಾರೆ. ಬರೀ ಮರಳು ಕಲ್ಲಿನ ಮೇಲೆ ಮೊಟ್ಟೆ, ಹಕ್ಕಿ ಎದ್ದು ಹೋದರೆ ಬಿಸಿಲಿಗೆ ಬೆಂದು ಹೋಗುತ್ತದೆ. ಆದ್ದರಿಂದ ಮಳೆ ಪೂರ್ತಿ ನಿಂತು, ನೀರು ತುಂಬಿ ನಿಂತಿರುವ ಕಾರ್ತಿಕ ಮಾಸವೇ ಸರಿ. ಪಂದ್ಯದ ಹಿಂದಿನ ದಿನ ಅಂಬಿಗರು ಗಳ ಹಿಡಿದು ಓಟದ ಉದ್ದಕ್ಕೂ ನೀರಿನೊಳಗೆ ತಡಕಿ ನೋಡಲೇಬೇಕು. ಸಂಜೆ ಬೆಳಕು ಇರುವಾಗಲೇ ಕೊನೆಯ ದೋಣಿ ದಡ ಸೇರಬೇಕು.

ಅನುಮತಿ ಇಲ್ಲದೆ ಯಾವುದೂ ಆಗುವುದಿಲ್ಲ. ನೀರು ನೀರಾವರಿ ನಿಗಮದ್ದು, ಆಚೆ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಜನ ಸೇರುವುದಕ್ಕೆ ಪೊಲೀಸರು. ಮೋಟಾರ್ ದೋಣಿಗಳಿಗೆ 1917ರ ಹಳೆಯ ಕಾಯ್ದೆಯ ಬದಲು 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆಯ ಕಾಗದ ಇಲ್ಲದ ಮೋಟಾರ್ ದೋಣಿಯನ್ನು ಅವತ್ತಿನ ಯಾವ ಕೆಲಸಕ್ಕೂ ತೆಗೆದುಕೊಳ್ಳುವುದಿಲ್ಲ. ಅದು ನಿರ್ದೇಶಕರ ಭಾವನದ್ದೇ ಆದರೂ ಸರಿ.

ರಕ್ಷಣೆಗೆ ಎರಡು ಮೋಟಾರ್ ದೋಣಿ ಬೇಕು. ಒಂದು ಒಬ್ಬನನ್ನು ಎತ್ತಿಕೊಂಡು ದಡಕ್ಕೆ ಹೋದಾಗ ಇನ್ನೊಂದು ಅಲ್ಲೇ ಇರಬೇಕು. ನೀರಿನಲ್ಲಿರುವವನ ಹತ್ತಿರ ಹೋಗುವಾಗ ಎಂಜಿನ್ ಆಫ್ ಮಾಡಿಯೇ ಹೋಗಬೇಕು, ಕೆಳಗೆ ತಿರುಗುವ ಫ್ಯಾನು ಕಾಲು ಕತ್ತರಿಸುತ್ತದೆ. ದೋಣಿ ಮಗುಚಿದವರು ದೋಣಿಯನ್ನೇ ಹಿಡಿದು ತೇಲಬೇಕು, ಈಜು ಬರುತ್ತದೆ ಅಂತ ದಡದ ಕಡೆ ಹೊರಡಬಾರದು. ದಡ ಕಾಣುವಷ್ಟು ಹತ್ತಿರ ಇರುವುದಿಲ್ಲ. ನೀರಿಗಿಳಿಯುವ ಪ್ರತಿಯೊಬ್ಬರ ಹೆಸರನ್ನೂ ನಮ್ಮ ಗುಮಾಸ್ತರು ಹಾಲಿನ ಲೆಕ್ಕದ ಹಾಗೆ ಪುಸ್ತಕದಲ್ಲಿ ಬರೆದು, ಮೇಲೆ ಬಂದ ಮೇಲೆ ಗುರುತು ಹಾಕಬೇಕು. ಕೆಂಪು ಬಾವುಟ ಏರಿದರೆ ಪಂದ್ಯ ನಿಂತ ಹಾಗೆ. ಬಾವುಟ ಯಾರ ಕೈಲಿ ಅನ್ನುವುದು ಮುಖ್ಯ. ಅಧ್ಯಕ್ಷರ ಕೈಲೂ ಅಲ್ಲ, ಬಹುಮಾನ ಕೊಟ್ಟ ದಾನಿಗಳ ಕೈಲೂ ಅಲ್ಲ. ನಮ್ಮ ಹಿರಿಯ ಅಂಬಿಗರ ಕೈಲಿ. ಅವರು ಗಾಳಿ ಸರಿಯಿಲ್ಲ ಅಂದರೆ ಮಂತ್ರಿಗಳು ಬಂದು ಕೂತಿದ್ದರೂ ಪಂದ್ಯ ಇಲ್ಲ.

ಬಹುಮಾನದ ವಿಷಯದಲ್ಲಿ ಒಂದು ಕತೆ ಹೇಳಬೇಕು. 1988ರ ಸೋಲ್ ಒಲಿಂಪಿಕ್ಸ್‌ನ ಹಾಯಿ ಪಂದ್ಯ ಪೂಸಾನ್ ಬಂದರಿನಲ್ಲಿ ನಡೆಯಿತು. ಕೆನಡಾದ ಲಾರೆನ್ಸ್ ಲೆಮ್ಯೂ ಒಂದು ಓಟದಲ್ಲಿ ಎರಡನೆಯವರಾಗಿದ್ದರು. ಜೋರು ಗಾಳಿ. ಪಕ್ಕದಲ್ಲಿ ಇನ್ನೊಂದು ಪಂದ್ಯದ ಸಿಂಗಪುರದ ದೋಣಿ ಮಗುಚಿ ಇಬ್ಬರು ನೀರಿಗೆ ಬಿದ್ದಿದ್ದರು. ಇವರು ಪಂದ್ಯ ಬಿಟ್ಟು ಅವರ ಕಡೆ ತಿರುಗಿಸಿ, ಇಬ್ಬರನ್ನೂ ತಮ್ಮ ದೋಣಿಗೆ ಎಳೆದುಕೊಂಡು, ರಕ್ಷಣಾ ದೋಣಿ ಬರುವ ತನಕ ಕಾದರು. ಆಮೇಲೆ ಓಟ ಮುಗಿಸುವಾಗ ಬಹಳ ಹಿಂದೆ ಬಿದ್ದಿದ್ದರು. ತೀರ್ಪುಗಾರರು ಆ ಓಟದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಅದು ಬರೀ ಕರುಣೆಯಿಂದ ಕೊಟ್ಟದ್ದಲ್ಲ. ಅಪಾಯದಲ್ಲಿರುವವರಿಗೆ ನೆರವಾಗುವುದೇ ಹಾಯಿ ಪಂದ್ಯದ ನಿಯಮ ಪುಸ್ತಕದ ಮೊದಲ ನಿಯಮ. ನೆರವಿಗೆ ನಿಂತು ಹಿಂದೆ ಬಿದ್ದವನಿಗೆ ನಷ್ಟ ತುಂಬಿಕೊಡಬೇಕು ಅಂತಲೂ ಅದರಲ್ಲೇ ಇದೆ. ನಮ್ಮ ಪಂದ್ಯದಲ್ಲೂ ಹಾಗೇ ಬರೆದಿಟ್ಟಿದ್ದೇವೆ. ಬಿದ್ದವನನ್ನು ಎತ್ತಲು ತಿರುಗಿದವನು ಆ ಹೊತ್ತಿಗೆ ಎಷ್ಟನೆಯವನಾಗಿದ್ದನೋ ಅಷ್ಟನೆಯ ಬಹುಮಾನ ಅವನಿಗೆ. ಕಂಡೂ ಕಾಣದ ಹಾಗೆ ಮುಂದೆ ಹೋದವನಿಗೆ, ಅವನು ಮೊದಲು ಬಂದರೂ, ಏನೂ ಇಲ್ಲ.

ಕೊನೆಯದು ಖರ್ಚಿನ ಮಾತು. ಲೈಫ್ ಜಾಕೆಟ್ಟನ್ನು ಒಂದು ದಿನಕ್ಕೆ ಬಾಡಿಗೆಗೆ ತರಬಹುದು, ಕಡಿಮೆ ಆಗುತ್ತದೆ ಅಂತ ಕೆಲವರು ಹೇಳಿದರು. ನಮ್ಮದು ಬೇರೆ ವಿಚಾರ. ಸಂಘದ ಹಣದಲ್ಲಿ ಕೊಂಡುಕೊಳ್ಳೋಣ. ಪಂದ್ಯ ಒಂದು ದಿನ. ಆಚೆ ದಡದ ಮಕ್ಕಳು ಶಾಲೆಗೆ ದೋಣಿಯಲ್ಲಿ ಬರುವುದು ವರ್ಷಪೂರ್ತಿ, ಅವರ ಮೈಮೇಲೆ ಇವತ್ತು ಜಾಕೆಟ್ ಇಲ್ಲ. ಪಂದ್ಯ ಮುಗಿದ ಸಂಜೆಯೇ ಅವುಗಳನ್ನು ಕಡವಿನ ದೋಣಿಗೆ ಕೊಡಬೇಕು. ಸೀಟಿನ ಕೆಳಗೆ ಪೇರಿಸಿಟ್ಟರೆ ಪ್ರಯೋಜನವಿಲ್ಲ, ಹತ್ತುವ ಮೊದಲೇ ಪಟ್ಟಿ ಬಿಗಿದು ಕಟ್ಟಿಸಬೇಕು. ದೊಡ್ಡವರ ಅಳತೆಯದ್ದು ಮಕ್ಕಳಿಗೆ ಹಾಕಿದರೆ ನೀರಿನಲ್ಲಿ ಮಗು ಕೆಳಕ್ಕೆ ಜಾರಿ ಜಾಕೆಟ್ ಒಂದೇ ಮೇಲೆ ತೇಲುತ್ತದೆ. ಆದ್ದರಿಂದ ಮಕ್ಕಳ ತೂಕ ಬೇಕು. ಹೊರಗೆ ಅಡಿಕೆ ತೂಗುವ ತಕ್ಕಡಿ ಇಟ್ಟಿದ್ದೇವೆ, ಗುಮಾಸ್ತರು ಪುಸ್ತಕ ಹಿಡಿದು ಕೂತಿದ್ದಾರೆ. ಆಚೆ ದಡದ ತಾಯಂದಿರು ಊಟಕ್ಕೆ ಏಳುವ ಮೊದಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಬೇಕೆಂದು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.